ಬಿಚ್ಚಿ ಕಟ್ಟಿದ ಇಂಜಿನ್ನಿನಲ್ಲಿ ಒತ್ತಡನಷ್ಟ: ಕಾರಣಗಳೂ ಪರೀಕ್ಷಾಕ್ರಮವೂ

ನೀರೆತ್ತುವ ಇಂಜಿನ್ನು ಕೆಟ್ಟು ನಿಲ್ಲುವುದು ಸಾಮಾನ್ಯವಾಗಿ ನೀರಿನ ಅಗತ್ಯವು ಅತಿಶಯವಾಗಿರುವ ಕಾಲದಲ್ಲಿಯೇ. ಹೊಳೆಯ ದಂಡೆಯಲ್ಲಾಗಲಿ, ವಿದ್ಯುತ್ತಿನ ತಂತಿಯು ಮುಟ್ಟದ ತೋಟದಲ್ಲಾಗಲಿ ಡೀಸೆಲ್ ಇಂಜಿನ್ನನ್ನೇ ನೆಚ್ಚಿಕೊಂಡಿರುವ ರೈತನು, ಬೇಸಗೆಯ ನಡುವೆ ಅದನ್ನು ಬಿಚ್ಚಿಸಿ, ಹೊಸ ಲೈನರನ್ನೂ ಪಿಸ್ಟನ್ನನ್ನೂ ರಿಂಗುಗಳನ್ನೂ ಹಾಕಿಸಿ, ವಾಲ್ವುಗಳನ್ನು ಉಜ್ಜಿಸಿ, ಮರಳಿ ಕಟ್ಟಿಸುತ್ತಾನೆ. ಇಷ್ಟೆಲ್ಲ ಆದಮೇಲೆ ಹ್ಯಾಂಡಲನ್ನು ತಿರುಗಿಸಿದರೆ ಕೈಗೆ ತಡೆಯೇ ತೋರದೆ ಫ್ಲೈವೀಲು ಸಲೀಸಾಗಿ ಸುತ್ತುತ್ತದೆ. ಹೊಗೆಕೊಳವೆಯಿಂದ ಸುಡದ ಎಣ್ಣೆಯ ಬಿಳಿಯ ಆವಿ ಹೊರಡುತ್ತದೆ. ಇಂಜಿನ್ನು ಮಾತ್ರ ಚಾಲೂ ಆಗುವುದಿಲ್ಲ. ಅತ್ತ ಹೊಲದಲ್ಲಿ ಕಬ್ಬಿನ ಗರಿಗಳು ಸುರುಟಿಕೊಳ್ಳುತ್ತಿರುತ್ತವೆ. ಇತ್ತ ಕೈಯಲ್ಲಿದ್ದ ಹಣವು ರಿಪೇರಿಗೆ ತೀರಿರುತ್ತದೆ.

ಇಂತಹ ಸಮಯದಲ್ಲಿ ಅನೇಕರು ಮಾಡುವ ತಪ್ಪು ಒಂದೇ. ಯಾವುದನ್ನೂ ಪರೀಕ್ಷಿಸದೆ ಇಂಜಿನ್ನನ್ನು ಪುನಃ ಪೂರ್ತಿಯಾಗಿ ಬಿಚ್ಚಿ, “ರಿಂಗು ಸರಿಯಿಲ್ಲ” ಎಂದು ಇನ್ನೊಂದು ಜೊತೆ ರಿಂಗುಗಳನ್ನು ತಂದು ಹಾಕುವರು. ಬಿಚ್ಚಿದೊಡನೆ ದೋಷದ ಗುರುತು ಅಳಿಸಿಹೋಗುವುದು, ಗ್ಯಾಸ್ಕೆಟ್ಟು ಹಾಳಾಗುವುದು, ಮೊದಲಿನ ತಪ್ಪು ಎರಡನೆಯ ಸಲವೂ ಉಳಿಯಬಹುದು. ಹೊಸದಾಗಿ ಕಟ್ಟಿದ ಇಂಜಿನ್ನಿನಲ್ಲಿ ಒತ್ತಡವು ತಗ್ಗಿದರೆ, ಅದಕ್ಕೆ ಕಾರಣವು ಬಹುಮಟ್ಟಿಗೆ ಬಿಡಿಭಾಗಗಳಲ್ಲಿರದೆ ಅವುಗಳನ್ನು ಜೋಡಿಸಿದ ರೀತಿಯಲ್ಲಿರುತ್ತದೆ. ಆದುದರಿಂದ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ, ಗಾಳಿಯು ಯಾವ ದಾರಿಯಿಂದ ಸೋರುತ್ತಿದೆಯೆಂದು ಗೊತ್ತುಮಾಡಿಕೊಂಡು, ಆ ಬಳಿಕವೇ ಸ್ಪ್ಯಾನರನ್ನು ಕೈಗೆತ್ತಿಕೊಳ್ಳತಕ್ಕದ್ದು.

ಒತ್ತಡದ ಅವಶ್ಯಕತೆ

ಜರ್ಮನಿಯ ರುಡಾಲ್ಫ್ ಡೀಸೆಲ್ ೧೮೯೩ರಲ್ಲಿ ಪೇಟೆಂಟು ಪಡೆದು, ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಇಂಜಿನ್ನಿಗೆ ಕಿಡಿಯ ಅಗತ್ಯವಿರಲಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ನು ಬಲವಾಗಿ ಅದುಮಿದಾಗ ಆ ಗಾಳಿಯು ತಾನೇ ಕಾಯುತ್ತದೆ. ಇಂದಿನ ಸಣ್ಣ ಡೀಸೆಲ್ ಇಂಜಿನ್ನುಗಳಲ್ಲಿ ಗಾಳಿಯು ತನ್ನ ಮೊದಲಿನ ಗಾತ್ರದ ಸುಮಾರು ೧೬ನೆಯ ಇಲ್ಲವೆ ೧೮ನೆಯ ಒಂದು ಪಾಲಿಗೆ ಕುಗ್ಗುವುದು. ಅದರ ಕಾವು ೫೦೦ ಡಿಗ್ರಿ ಸೆಂಟಿಗ್ರೇಡನ್ನೂ ಮೀರುವುದು. ಆ ಕಾದ ಗಾಳಿಯೊಳಕ್ಕೆ ಎಣ್ಣೆಯು ಮಂಜಿನಂತೆ ಸಿಂಪಡಿಸಲ್ಪಟ್ಟಾಗ ತಾನಾಗಿಯೇ ಹೊತ್ತಿಕೊಳ್ಳುವುದು. ಗಾಳಿಯು ಸೋರಿದರೆ ಕಾವಿಲ್ಲ, ಕಾವಿಲ್ಲದಿದ್ದರೆ ಉರಿಯಿಲ್ಲ. ಪೆಟ್ರೋಲಿನ ಕಾರು ಕಿಡಿಯ ಬಲದಿಂದ ಕುಂಟುತ್ತಲಾದರೂ ನಡೆಯಬಹುದು. ಡೀಸೆಲ್ ಇಂಜಿನ್ನಿಗೆ ಆ ಅನುಕೂಲವಿಲ್ಲ. ಮೆಕ್ಯಾನಿಕ್ಕುಗಳು “ಕಂಪ್ರೆಷನ್ ಇಲ್ಲ” ಎನ್ನುವುದು ಈ ಅದುಮಿದ ಗಾಳಿಯು ನಿಲ್ಲದಿರುವುದನ್ನೇ.

ಈ ಗಾಳಿಯನ್ನು ಹಿಡಿದಿಡುವ ಭಾಗಗಳು ಕೆಲವೇ: ಮೇಲ್ಗಡೆ ಎರಡು ವಾಲ್ವುಗಳು, ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ಟು ಮತ್ತು ಇಂಜೆಕ್ಟರಿನ ಬುಡದ ತಾಮ್ರದ ವಾಷರು, ಕೆಳಗಡೆ ಪಿಸ್ಟನ್ನಿನ ರಿಂಗುಗಳು. ಸೋರಿಕೆಯು ಇವುಗಳಲ್ಲಿ ಒಂದರ ಮೂಲಕವೇ ಆಗತಕ್ಕದ್ದು.

ಬಿಚ್ಚುವ ಮೊದಲು ಮಾಡತಕ್ಕ ಪರೀಕ್ಷೆ

ಎಲ್ಲಕ್ಕಿಂತ ಮುಂಚೆ ಡಿಕಂಪ್ರೆಷನ್ ಲಿವರನ್ನು ನೋಡಬೇಕು. ಕೈಯಿಂದ ಚಾಲೂ ಮಾಡುವ ಇಂಜಿನ್ನುಗಳಲ್ಲಿ ಹ್ಯಾಂಡಲು ಹಗುರವಾಗಿ ತಿರುಗಲೆಂದು ಒಂದು ವಾಲ್ವನ್ನು ಕೊಂಚ ಎತ್ತಿಹಿಡಿಯುವ ಲಿವರು ಇರುವುದು. ಅದನ್ನು ಬಿಟ್ಟಮೇಲೂ ಅದರ ಮೊನೆಯು ವಾಲ್ವನ್ನು ಒತ್ತುತ್ತಲೇ ಇದ್ದರೆ ಒತ್ತಡವು ಸ್ವಲ್ಪವೂ ಏರದು. ಹೆಡ್ಡನ್ನು ಇಳಿಸಿ ಏರಿಸಿದಾಗ ಈ ಲಿವರಿನ ಅಂತರವು ಬದಲಾಗಿರುವುದುಂಟು. ಇದನ್ನು ಸರಿಪಡಿಸುವುದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಅನಂತರ ಎಣ್ಣೆಯ ಪಂಪನ್ನು ನಿಲುಗಡೆಯ ಸ್ಥಾನದಲ್ಲಿಟ್ಟು, ಗಾಳಿಯ ಫಿಲ್ಟರನ್ನು ಕಳಚಿ, ಲಿವರನ್ನು ಬಿಟ್ಟು, ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸತಕ್ಕದ್ದು. ಒಳ್ಳೆಯ ಇಂಜಿನ್ನಾದರೆ ಪಿಸ್ಟನ್ನು ಮೇಲಕ್ಕೇರುವಾಗ ಫ್ಲೈವೀಲು ಬಲವಾಗಿ ಎದುರೊತ್ತುವುದು. ಕೈ ಸಡಿಲಿಸಿದರೆ ಹಿಂದಕ್ಕೆ ಪುಟಿಯುವುದು. ಒತ್ತಡವು ಸೋರುವ ಇಂಜಿನ್ನಾದರೆ ಕೆಲವೇ ಕ್ಷಣ ಅದುಮಿ ಹಿಡಿಯುವುದರೊಳಗಾಗಿ ತಡೆಯು ಕರಗಿ, ಫ್ಲೈವೀಲು ಮುಂದಕ್ಕೆ ಜಾರುವುದು. ಹೀಗೆ ಒಬ್ಬನು ಅದುಮಿ ಹಿಡಿದಿರುವಾಗ ಇನ್ನೊಬ್ಬನು ಕಿವಿಗೊಟ್ಟು ಕೇಳಬೇಕು.

ಹೊಗೆಕೊಳವೆಯಲ್ಲಿ ಸುಯ್ಯೆಂಬ ಸದ್ದು ಕೇಳಿದರೆ ಹೊಗೆಯ ವಾಲ್ವು ಸರಿಯಾಗಿ ಕೂತಿಲ್ಲ.

ಫಿಲ್ಟರು ಕಳಚಿದ ಬಾಯಿಯಲ್ಲಿ ಸದ್ದು ಕೇಳಿದರೆ ಗಾಳಿಯ ವಾಲ್ವಿನಲ್ಲಿ ದೋಷವಿದೆ.

ಕೀಲೆಣ್ಣೆ ತುಂಬುವ ಬಾಯಿಯಲ್ಲಾಗಲಿ ಬ್ರೀದರಿನಲ್ಲಾಗಲಿ ಸದ್ದು ಕೇಳಿದರೆ ಗಾಳಿಯು ರಿಂಗುಗಳನ್ನು ದಾಟಿ ಕೆಳಕ್ಕೆ ಇಳಿಯುತ್ತಿದೆ.

ತಂಪಿನ ನೀರಿನಲ್ಲಿ ಗುಳ್ಳೆಗಳು ಎದ್ದರೆ, ಇಲ್ಲವೆ ಹೆಡ್ಡಿನ ಸಂದಿಗೆ ಬಳಿದ ಸಾಬೂನಿನ ನೀರು ನೊರೆಯಾದರೆ ಗ್ಯಾಸ್ಕೆಟ್ಟಿನಲ್ಲಿ ಸೋರಿಕೆಯಿದೆ. ಇಂಜೆಕ್ಟರಿನ ಬುಡದಲ್ಲಿ ನೊರೆ ಕಂಡರೆ ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿರಬೇಕು, ಅಥವಾ ಅದರಡಿಯಲ್ಲಿ ಮಸಿ ಉಳಿದಿರಬೇಕು.

ಕೈಯಿಂದ ಅದುಮಿದ ಗಾಳಿಯು ಸಾಲದೆ ಸದ್ದು ಸ್ಪಷ್ಟವಾಗದಿದ್ದಲ್ಲಿ, ಪಿಸ್ಟನ್ನನ್ನು ಅದುಮುವ ಸ್ಟ್ರೋಕಿನ ತುತ್ತತುದಿಯಲ್ಲಿ ನಿಲ್ಲಿಸಿ, ಇಂಜೆಕ್ಟರಿನ ರಂಧ್ರದ ಮೂಲಕ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿಯನ್ನು ತುಂಬಿ ಇದೇ ಪರೀಕ್ಷೆಯನ್ನು ಮಾಡಬಹುದು. ಆಗ ಫ್ಲೈವೀಲನ್ನು ಭದ್ರವಾಗಿ ಕಟ್ಟಿರಲೇಬೇಕು. ಪಿಸ್ಟನ್ನು ತುದಿಯಿಂದ ಕೂದಲೆಳೆಯಷ್ಟು ಸರಿದಿದ್ದರೂ ಗಾಳಿಯ ಬಲಕ್ಕೆ ಫ್ಲೈವೀಲು ಥಟ್ಟನೆ ತಿರುಗಿ ಕೈಯನ್ನು ಮುರಿಯಬಲ್ಲದು.

ವಾಲ್ವುಗಳ ದೋಷ

ರಿಪೇರಿಯ ಬಳಿಕ ಕಾಣುವ ಒತ್ತಡನಷ್ಟಕ್ಕೆ ಟ್ಯಾಪೆಟ್ಟಿನ ಅಂತರವು ಇಲ್ಲದಿರುವುದು ಬಹು ಸಾಮಾನ್ಯವಾದ ಕಾರಣ. ವಾಲ್ವನ್ನೂ ಅದರ ಪೀಠವನ್ನೂ ಉಜ್ಜಿದಷ್ಟೂ ವಾಲ್ವು ಹೆಡ್ಡಿನೊಳಕ್ಕೆ ಇಳಿದು, ಅದರ ಕಾಂಡದ ತುದಿಯು ಮೇಲಕ್ಕೆ ಏರುವುದು. ಹಳೆಯ ಅಂತರವು ಇದರಿಂದ ಮುಚ್ಚಿಹೋಗಿ, ರಾಕರ್ ತೋಳು ವಾಲ್ವನ್ನು ಸದಾ ಒತ್ತುತ್ತಿರುವುದು. ಇಂಜಿನ್ನು ತಣ್ಣಗಿದ್ದಾಗ ವಾಲ್ವು ಮುಚ್ಚಿದಂತೆ ತೋರಿದರೂ, ಕಾದಮೇಲೆ ಕಾಂಡವು ಉದ್ದವಾಗಿ ಬಾಯಿ ತೆರೆಯುವುದು. ತಣ್ಣಗಿದ್ದಾಗ ಚಾಲೂ ಆಗಿ, ಬಿಸಿಯಾದಮೇಲೆ ನಿಂತು, ಮತ್ತೆ ತಣಿಯುವವರೆಗೆ ಚಾಲೂ ಆಗದ ಇಂಜಿನ್ನಿನಲ್ಲಿ ಈ ದೋಷವನ್ನೇ ಮೊದಲು ಶಂಕಿಸಬೇಕು.

ಅಂತರವನ್ನು ಅಳೆಯುವಾಗ ಪಿಸ್ಟನ್ನು ಅದುಮುವ ಸ್ಟ್ರೋಕಿನ ತುದಿಯಲ್ಲಿದ್ದು, ಎರಡು ವಾಲ್ವುಗಳೂ ಮುಚ್ಚಿರಬೇಕು. ಹೊಗೆ ಬಿಡುವ ಸ್ಟ್ರೋಕಿನ ತುದಿಯಲ್ಲಿಯೂ ಪಿಸ್ಟನ್ನು ಮೇಲೆಯೇ ಇರುವುದರಿಂದ ಮೋಸ ಹೋಗದಂತೆ ಎಚ್ಚರ ವಹಿಸಬೇಕು. ಅಂತರದ ಅಳತೆಯು ಇಂಜಿನ್ನಿಂದ ಇಂಜಿನ್ನಿಗೆ ಬೇರೆಯಾಗಿರುವುದರಿಂದ ತಯಾರಕರ ಪುಸ್ತಕದಲ್ಲಿರುವುದನ್ನೇ ಫೀಲರ್ ಗೇಜಿನಿಂದ ಹಿಡಿಯತಕ್ಕದ್ದು, ಕಣ್ಣಂದಾಜು ಸಲ್ಲದು.

ಅಂತರವು ಸರಿಯಿದ್ದೂ ವಾಲ್ವು ಸೋರುತ್ತಿದ್ದರೆ ಹೆಡ್ಡನ್ನು ಇಳಿಸಬೇಕಾಗುವುದು. ಆಗ ವಾಲ್ವುಗಳನ್ನು ಬಿಚ್ಚದೆಯೇ, ಹೆಡ್ಡನ್ನು ಮಗ್ಗುಲಾಗಿಟ್ಟು, ಗಾಳಿಯ ದಾರಿಯೊಳಗೂ ಹೊಗೆಯ ದಾರಿಯೊಳಗೂ ಒಂದಾದಮೇಲೊಂದರಂತೆ ಸೀಮೆಎಣ್ಣೆಯನ್ನು ಹೊಯ್ದು ಕೆಲವು ನಿಮಿಷ ನೋಡಬೇಕು. ವಾಲ್ವಿನ ಅಂಚಿನಲ್ಲಿ ಎಣ್ಣೆಯು ಒಸರಿದರೆ ಅದು ಸರಿಯಾಗಿ ಕೂತಿಲ್ಲವೆಂದೇ ಅರ್ಥ. ಅಂಚಿನ ಮೇಲೆ ಪೆನ್ಸಿಲಿನಿಂದ ಅಡ್ಡಗೀಟುಗಳನ್ನು ಎಳೆದು, ವಾಲ್ವನ್ನು ಪೀಠದ ಮೇಲಿಟ್ಟು ಕಾಲು ಸುತ್ತು ತಿರುಗಿಸಿದರೆ, ಸರಿಯಾದ ವಾಲ್ವಿನಲ್ಲಿ ಎಲ್ಲ ಗೀಟುಗಳೂ ಅಳಿಸುವುವು. ಅಳಿಸದೆ ಉಳಿದ ಕಡೆಯಲ್ಲಿ ಸಂದಿಯಿರುವುದು. ಉಜ್ಜುವ ಪೇಸ್ಟನ್ನು ಪೂರ್ತಿಯಾಗಿ ತೊಳೆಯದೆ ಬಿಟ್ಟಲ್ಲಿ, ಅದರ ಹರಳುಗಳು ಪೀಠವನ್ನು ಮಾತ್ರವಲ್ಲದೆ ಹೊಸ ಲೈನರನ್ನೂ ಕೆಲವೇ ದಿನಗಳಲ್ಲಿ ತಿಂದುಹಾಕುವುವು.

ಹೆಡ್ಡು ಮತ್ತು ಗ್ಯಾಸ್ಕೆಟ್ಟು

ಗ್ಯಾಸ್ಕೆಟ್ಟು ಒಂದು ಸಲ ಅದುಮಿಕೊಂಡ ಬಳಿಕ ಎರಡನೆಯ ಸಲ ಅದೇ ರೀತಿಯಾಗಿ ಕೂಡುವುದಿಲ್ಲ. ಹಳೆಯದನ್ನೇ ಬಳಸುವುದು ಎಷ್ಟು ಹಣವನ್ನು ಉಳಿಸುವುದೋ ಅದರ ಹಲವು ಪಾಲನ್ನು ಬಳಿಕ ವ್ಯಯಮಾಡಿಸುವುದು. ಹೆಡ್ಡಿನ ನಟ್ಟುಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿಯುತ್ತ ಹೋದರೆ ಹೆಡ್ಡು ಓರೆಯಾಗುವುದು. ಎದುರುಬದುರಾಗಿ, ಮೂರು ಹಂತಗಳಲ್ಲಿ, ಟಾರ್ಕ್ ರೆಂಚಿನಿಂದ ಸಮನಾಗಿ ಬಿಗಿಯಬೇಕು. ಬೋಲ್ಟಿನ ಕುಳಿಯಲ್ಲಿ ಎಣ್ಣೆಯಾಗಲಿ ನೀರಾಗಲಿ ನಿಂತಿದ್ದರೆ ಬೋಲ್ಟು ತಳ ಮುಟ್ಟುವ ಮೊದಲೇ ಬಿಗಿದಂತೆ ತೋರುವುದು. ಹೆಡ್ಡು ಮಾತ್ರ ಸಡಿಲವಾಗಿಯೇ ಉಳಿಯುವುದು.

ಸುತ್ತಲೂ ನೀರು ನಿಲ್ಲುವ ಬಗೆಯ ಲೈನರಿನ ಮೇಲಂಚು ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಕ್ಕಿರಬೇಕು. ಗ್ಯಾಸ್ಕೆಟ್ಟನ್ನು ಬಲವಾಗಿ ಒತ್ತುವುದು ಈ ಅಂಚೇ. ಲೈನರು ಕೂರುವ ಪಡಿಯನ್ನು ತುಕ್ಕು ತಿಂದಿದ್ದು, ಅದರಿಂದ ಲೈನರು ತಗ್ಗಿ ಕೂತಿದ್ದರೆ ಎಷ್ಟು ಗ್ಯಾಸ್ಕೆಟ್ಟುಗಳನ್ನು ಬದಲಾಯಿಸಿದರೂ ಸೋರಿಕೆಯು ನಿಲ್ಲದು. ಕೀಲೆಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿದೆಯೆಂದು ತಿಳಿದು, ಇಂಜಿನ್ನನ್ನು ಓಡಿಸದೆ ಒಡನೆಯೇ ನಿಲ್ಲಿಸತಕ್ಕದ್ದು.

ಹೆಡ್ಡನ್ನು ಕೂರಿಸಿದ ಮೇಲೆ ಇಂಜಿನ್ನು ಒಂದು ಸಲ ಕಾದು ತಣಿದರೆ ಗ್ಯಾಸ್ಕೆಟ್ಟು ಇನ್ನಷ್ಟು ಅದುಮಿಕೊಳ್ಳುವುದು. ತಯಾರಕರು ಹೇಳಿದ್ದಲ್ಲಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಅದಾದಮೇಲೆ ಟ್ಯಾಪೆಟ್ಟಿನ ಅಂತರವನ್ನು ಮತ್ತೊಮ್ಮೆ ಅಳೆಯಲೇಬೇಕು. ಹೆಡ್ಡು ತಗ್ಗಿದಷ್ಟೂ ಅಂತರವು ಕುಗ್ಗಿರುವುದು.

ರಿಂಗುಗಳು

ಸದ್ದು ಬ್ರೀದರಿನಲ್ಲಿ ಕೇಳಿದರೆ ಇನ್ನೊಂದು ಪರೀಕ್ಷೆಯಿಂದ ಅದನ್ನು ದೃಢಪಡಿಸಿಕೊಳ್ಳಬಹುದು. ಇಂಜೆಕ್ಟರಿನ ರಂಧ್ರದಿಂದ ಸಿಲಿಂಡರಿನೊಳಕ್ಕೆ ಕೀಲೆಣ್ಣೆಯನ್ನು ಬಿಟ್ಟು ಎರಡು ಮೂರು ಸುತ್ತು ತಿರುಗಿಸಿದರೆ, ಎಣ್ಣೆಯು ರಿಂಗುಗಳ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚುವುದು. ಆಗ ತಡೆಯು ಸ್ಪಷ್ಟವಾಗಿ ಹೆಚ್ಚಿದರೆ ದೋಷವು ರಿಂಗಿನಲ್ಲಿಯೂ, ಹೆಚ್ಚದಿದ್ದರೆ ಮೇಲ್ಗಡೆಯೂ ಇದೆಯೆಂದು ತಿಳಿಯಬೇಕು. ಆದರೆ ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ನಿನ ಮೇಲೆ ಉಳಿಯುವ ಜಾಗವು ಬಹು ಕಿರಿದು. ಆದುದರಿಂದ ಒಂದು ಚಹದ ಚಮಚಕ್ಕಿಂತ ಹೆಚ್ಚು ಎಣ್ಣೆಯನ್ನು ಬಿಡಕೂಡದು. ಮೊದಲ ಸುತ್ತುಗಳನ್ನು ಕೈಯಿಂದ ಮೆಲ್ಲನೆ ತಿರುಗಿಸಬೇಕು. ಹೆಚ್ಚಾದ ಎಣ್ಣೆಯು ಅದುಮಲು ಬಾರದೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಹುದು. ಎಣ್ಣೆಯು ತಾನೇ ಜಾಗವನ್ನು ಆಕ್ರಮಿಸಿ ಒತ್ತಡವನ್ನು ಕೊಂಚ ಏರಿಸುವುದರಿಂದ, ಅಲ್ಪಸ್ವಲ್ಪ ಏರಿಕೆಯನ್ನು ಪ್ರಮಾಣವೆಂದು ಎಣಿಸಕೂಡದು.

ರಿಂಗಿನ ದೋಷಗಳಲ್ಲಿ ದುಬಾರಿಯಾದುದು ಅಳತೆ ತಪ್ಪಿದ ರಿಂಗು. ಲೇತ್ ಅಂಗಡಿಯಲ್ಲಿ ಬೋರನ್ನು ಅರ್ಧ ಮಿಲ್ಲಿಮೀಟರು ದೊಡ್ಡದು ಮಾಡಿದ ಬಳಿಕ ಅದಕ್ಕೆ ಮೂಲ ಅಳತೆಯ ರಿಂಗನ್ನೇ ಹಾಕಿದರೆ ಆಗುವುದೇನು? ವ್ಯಾಸವು ೦.೫ ಮಿಲ್ಲಿಮೀಟರು ಹೆಚ್ಚಿದರೆ ಸುತ್ತಳತೆಯು ಅದರ ೩.೧೪ ಪಾಲು, ಎಂದರೆ ಸುಮಾರು ೧.೫೭ ಮಿಲ್ಲಿಮೀಟರು ಹೆಚ್ಚುವುದು. ರಿಂಗಿನ ಬಾಯಿಯೂ ಅಷ್ಟೇ ಅಗಲವಾಗುವುದು. ೮೦ ಮಿಲ್ಲಿಮೀಟರು ಬೋರಿಗೆ ಸುಮಾರು ೦.೩ರಿಂದ ೦.೪ ಮಿಲ್ಲಿಮೀಟರು ಇರಬೇಕಾದ ಬಾಯಿಯು ೨ ಮಿಲ್ಲಿಮೀಟರಿನ ಹತ್ತಿರಕ್ಕೆ ಬಂದಮೇಲೆ ಒತ್ತಡವು ನಿಲ್ಲುವುದೆಂತು? ಇದನ್ನು ಮೊದಲೇ ತಿಳಿಯುವುದು ಕಷ್ಟವಲ್ಲ. ರಿಂಗನ್ನು ಪಿಸ್ಟನ್ನಿಗೆ ಏರಿಸುವ ಮೊದಲು ಬರಿಯ ಲೈನರಿನೊಳಗಿಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ಕೆಳಕ್ಕೆ ತಳ್ಳಿ, ಬಾಯಿಯ ಅಗಲವನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಎರಡು ನಿಮಿಷದ ಈ ಕೆಲಸವನ್ನು ರೈತನು ತನ್ನ ಕಣ್ಣೆದುರಿಗೆ ಮಾಡಿಸತಕ್ಕದ್ದು. ಬಾಯಿಯು ತೀರ ಇಕ್ಕಟ್ಟಾಗಿದ್ದರೂ ಅಪಾಯವೇ. ಕಾದಾಗ ತುದಿಗಳು ಒಂದಕ್ಕೊಂದು ಒತ್ತಿ ಲೈನರನ್ನು ಗೀಚುವುವು.

ಉಳಿದ ದೋಷಗಳು ಅಜಾಗರೂಕತೆಯಿಂದ ಆಗತಕ್ಕವು. ಮೇಲ್ಮುಖದ ಗುರುತಿರುವ ರಿಂಗನ್ನು ತಲೆಕೆಳಗಾಗಿ ಹಾಕುವುದು, ಪಿಸ್ಟನ್ನನ್ನು ಒಳಕ್ಕೆ ತಳ್ಳುವಾಗ ರಿಂಗು ಮುರಿಯುವುದು, ಹಳೆಯ ಪಿಸ್ಟನ್ನಿನ ಸವೆದ ಗಾಡಿಗೆ ಹೊಸ ರಿಂಗನ್ನು ಕೂರಿಸುವುದು, ಗಾಡಿಯ ಮಸಿಯನ್ನು ಕೆರೆಯದೆ ಬಿಡುವುದು ಇವೇ ಮುಂತಾದವು. ರಿಂಗುಗಳ ಬಾಯಿಗಳೆಲ್ಲ ಒಂದೇ ನೇರಕ್ಕೆ ಬರದಂತೆ ಸುತ್ತಲೂ ಹಂಚಿ ಹಾಕುವುದೂ ವಾಡಿಕೆಯಾಗಿದೆ.

ಸೋರಿಕೆಯಿಲ್ಲದೆಯೇ ತಗ್ಗುವ ಒತ್ತಡ

ಕೆಲವು ವೇಳೆ ಎಲ್ಲಿಯೂ ಸದ್ದಿಲ್ಲ, ಗುಳ್ಳೆಯಿಲ್ಲ; ಆದರೂ ಇಂಜಿನ್ನು ಚಾಲೂ ಆಗಲು ಹಟಮಾಡುವುದು. ಇಂತಹ ಇಂಜಿನ್ನಿನಲ್ಲಿ ಪಿಸ್ಟನ್ನು ಮೇಲಕ್ಕೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಅಂತರವು ಹೆಚ್ಚಾಗಿರಬಹುದು. ಸಿಲಿಂಡರಿನ ಕೆಳಗೆ ಪ್ಯಾಕಿಂಗನ್ನು ಅಧಿಕವಾಗಿ ಇಟ್ಟರೂ, ದಪ್ಪನೆಯ ಬೇರೆ ಗ್ಯಾಸ್ಕೆಟ್ಟನ್ನು ಹಾಕಿದರೂ ಹೀಗಾಗುವುದು. ಒಂದು ಉದಾಹರಣೆಯನ್ನು ನೋಡಬಹುದು. ಸ್ಟ್ರೋಕು ೧೧೦ ಮಿಲ್ಲಿಮೀಟರು ಇದ್ದು, ಗಾಳಿಯು ೧೬.೫ರಲ್ಲಿ ಒಂದು ಪಾಲಿಗೆ ಕುಗ್ಗುವ ಇಂಜಿನ್ನಿನಲ್ಲಿ ಮೇಲೆ ಉಳಿಯುವ ಜಾಗವೆಲ್ಲವೂ ಸೇರಿ ಸುಮಾರು ೭.೧ ಮಿಲ್ಲಿಮೀಟರು ಎತ್ತರಕ್ಕೆ ಸಮ. ಅದಕ್ಕೆ ಒಂದೇ ಮಿಲ್ಲಿಮೀಟರು ಸೇರಿದರೂ ೧೬.೫ ಎಂಬ ಪ್ರಮಾಣವು ೧೪.೬ಕ್ಕೆ ಇಳಿಯುವುದು. ಚಳಿಯ ಮುಂಜಾವಿನಲ್ಲಿ ಇಂಜಿನ್ನು ಹೊತ್ತಿಕೊಳ್ಳದಿರುವುದಕ್ಕೆ ಇಷ್ಟು ಸಾಕು. ಪಿಸ್ಟನ್ನಿನ ತಲೆಯ ಮೇಲೆ ಮೆತುವಾದ ಸೀಸದ ತಂತಿಯ ತುಂಡನ್ನಿಟ್ಟು, ಹೆಡ್ಡನ್ನು ಬಿಗಿದು, ಒಂದು ಸುತ್ತು ತಿರುಗಿಸಿ ತೆಗೆದು, ಚಪ್ಪಟೆಯಾದ ತಂತಿಯ ದಪ್ಪವನ್ನು ಅಳೆದರೆ ಈ ಅಂತರವು ತಿಳಿಯುವುದು. ಅದನ್ನು ತಯಾರಕರ ಅಳತೆಯೊಡನೆ ಹೋಲಿಸಿ ಪ್ಯಾಕಿಂಗನ್ನು ಕಡಿಮೆ ಮಾಡತಕ್ಕದ್ದು.

ಎರಡನೆಯದಾಗಿ, ಕ್ರ್ಯಾಂಕಿನ ಗಿಯರಿಗೂ ಕ್ಯಾಮಿನ ಗಿಯರಿಗೂ ಇರುವ ಗುರುತುಗಳು ಒಂದು ಹಲ್ಲು ತಪ್ಪಿ ಕೂತಿದ್ದರೆ ವಾಲ್ವುಗಳು ಅಕಾಲದಲ್ಲಿ ಮುಚ್ಚಿ, ಸಿಲಿಂಡರಿಗೆ ಸಾಕಷ್ಟು ಗಾಳಿಯು ಸಿಕ್ಕುವುದಿಲ್ಲ.

ಟ್ರಾಕ್ಟರು ಮತ್ತು ಕಾರಿನ ಇಂಜಿನ್ನುಗಳು

ಅನೇಕ ಸಿಲಿಂಡರುಗಳಿರುವ ಇಂಜಿನ್ನಿನಲ್ಲಿ ಕಂಪ್ರೆಷನ್ ಗೇಜಿನಿಂದ ಒಂದೊಂದನ್ನೂ ಅಳೆದು ಬರೆದಿಡುವುದು ಉತ್ತಮ. ಡೀಸೆಲಿಗೂ ಪೆಟ್ರೋಲಿಗೂ ಬೇರೆ ಬೇರೆ ಗೇಜುಗಳು ಬೇಕು. ಪೆಟ್ರೋಲ್ ಕಾರಿನಲ್ಲಿ ಸಾಧಾರಣವಾಗಿ ಚದರ ಅಂಗುಲಕ್ಕೆ ೧೨೦ರಿಂದ ೧೮೦ ಪೌಂಡುಗಳಷ್ಟು ಇರುವ ಒತ್ತಡವು ಡೀಸೆಲಿನಲ್ಲಿ ೩೦೦ನ್ನು ಮೀರುವುದು. ಪೆಟ್ರೋಲ್ ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ತೆಗೆದು, ಥ್ರಾಟಲನ್ನು ಪೂರ್ತಿಯಾಗಿ ತೆರೆದು, ತುಂಬಿದ ಬ್ಯಾಟರಿಯಿಂದ ಪ್ರತಿಯೊಂದು ಸಿಲಿಂಡರಿಗೂ ಸಮನಾದ ಸುತ್ತುಗಳನ್ನು ಕೊಡಬೇಕು. ಥ್ರಾಟಲನ್ನು ಮುಚ್ಚಿಟ್ಟು ಅಳೆದು, ಒಳ್ಳೆಯ ಇಂಜಿನ್ನನ್ನು ಕೆಟ್ಟಿತೆಂದು ಬಿಚ್ಚಿದವರುಂಟು.

ಒಂದೇ ಸಿಲಿಂಡರು ತಗ್ಗಿದ್ದರೆ ಅದರ ವಾಲ್ವನ್ನೋ ರಿಂಗನ್ನೋ ಶಂಕಿಸಬೇಕು. ಅಕ್ಕಪಕ್ಕದ ಎರಡು ತಗ್ಗಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ಟು ಹಾಳಾಗಿದೆಯೆಂದು ಭಾವಿಸಬಹುದು. ಎಲ್ಲವೂ ಒಂದೇ ಸಮನಾಗಿ ತಗ್ಗಿದ್ದರೆ ಗಿಯರಿನ ಗುರುತನ್ನೂ, ಬ್ಯಾಟರಿಯನ್ನೂ, ಅಳೆದ ಕ್ರಮವನ್ನೂ ಮೊದಲು ನೋಡತಕ್ಕದ್ದು. ಗೇಜಿನ ಮುಳ್ಳು ಮೊದಲ ಸುತ್ತಿನಲ್ಲಿ ತಗ್ಗಿದ್ದು ಬರಬರುತ್ತ ಏರಿದರೆ ರಿಂಗಿನ ದೋಷವೂ, ಎಷ್ಟು ಸುತ್ತಿದರೂ ತಗ್ಗಿಯೇ ಉಳಿದರೆ ವಾಲ್ವಿನ ದೋಷವೂ ಇರುವ ಸಂಭವ ಹೆಚ್ಚು.

ಮೊದಲ ದಿನಗಳ ಪಾಲನೆ

ಹೊಸ ರಿಂಗುಗಳು ಮೊದಲ ದಿನವೇ ಲೈನರಿಗೆ ಪೂರ್ತಿಯಾಗಿ ಹೊಂದಿಕೊಳ್ಳುವುದಿಲ್ಲ. ಒತ್ತಡವು ಅಳತೆಗಿಂತ ಸ್ವಲ್ಪವೇ ಕಡಿಮೆಯಾಗಿದ್ದು ಇಂಜಿನ್ನು ನಡೆಯುತ್ತಿದ್ದರೆ ಗಾಬರಿಪಡಬೇಕಾದುದಿಲ್ಲ. ಆದರೆ ಹೊಸ ಇಂಜಿನ್ನಿಗೆ ಆಯಾಸವಾಗಬಾರದೆಂದು ಗಂಟೆಗಟ್ಟಲೆ ಹೊರೆಯಿಲ್ಲದೆ ಸುಮ್ಮನೆ ಓಡಿಸುವ ಪದ್ಧತಿಯು ಹಾನಿಕರವಾದುದು. ರಿಂಗನ್ನು ಲೈನರಿಗೆ ಒತ್ತಿ ಹಿಡಿಯುವುದು ಉರಿಯ ಒತ್ತಡವೇ. ಹೊರೆಯಿಲ್ಲದಿದ್ದರೆ ರಿಂಗು ಹಗುರವಾಗಿ ಜಾರಿ, ಲೈನರಿನ ಸೂಕ್ಷ್ಮವಾದ ಅಡ್ಡಗೀರುಗಳು ಸುಟ್ಟ ಎಣ್ಣೆಯಿಂದ ತುಂಬಿ, ಮೇಲ್ಮೈಯು ಗಾಜಿನಂತೆ ನುಣುಪಾಗುವುದು. ಆಮೇಲೆ ರಿಂಗು ಎಂದಿಗೂ ಹೊಂದುವುದಿಲ್ಲ. ಲೈನರನ್ನು ಬಿಚ್ಚಿ ಮತ್ತೆ ಹೋನ್ ಮಾಡಿಸಬೇಕಾಗುವುದು. ಆದುದರಿಂದ ಇಂಜಿನ್ನು ಕಾದಮೇಲೆ ಪಂಪಿಗೆ ಜೋಡಿಸಿ, ಮೊದಲು ಅರ್ಧ ಹೊರೆಯನ್ನೂ, ಕ್ರಮೇಣ ಹೆಚ್ಚಿನದನ್ನೂ ಕೊಡುತ್ತ ಬರಬೇಕು. ಪೂರ್ಣ ಹೊರೆಯನ್ನು ಬಹಳ ಹೊತ್ತು ಹೊರಿಸಕೂಡದು. ಮೊದಲ ಕೀಲೆಣ್ಣೆಯನ್ನು ಬೇಗನೆ ಬದಲಾಯಿಸಬೇಕು. ಫಿಲ್ಟರಿಲ್ಲದೆ ಒಂದು ಗಂಟೆಯೂ ಓಡಿಸಕೂಡದು. ಹೊಲದ ಧೂಳೇ ರಿಂಗಿನ ಪರಮಶತ್ರು.

ಪರೀಕ್ಷೆಯ ಕ್ರಮ

ಮೇಲೆ ಹೇಳಿದುದನ್ನು ಖರ್ಚಿನ ಏರಿಕೆಯ ಕ್ರಮದಲ್ಲಿ ಹೀಗೆ ನೆನಪಿಡಬಹುದು.

೧. ಡಿಕಂಪ್ರೆಷನ್ ಲಿವರು ಪೂರ್ತಿಯಾಗಿ ಬಿಟ್ಟಿದೆಯೇ?
೨. ಟ್ಯಾಪೆಟ್ಟಿನ ಅಂತರವು ಸರಿಯಿದೆಯೇ?
೩. ಅದುಮಿ ಹಿಡಿದಾಗ ಸದ್ದು ಎಲ್ಲಿ ಕೇಳುತ್ತದೆ? ನೊರೆ ಎಲ್ಲಿ ಏಳುತ್ತದೆ?
೪. ಒಂದು ಚಮಚ ಕೀಲೆಣ್ಣೆಯಿಂದ ತಡೆಯು ಹೆಚ್ಚುವುದೇ?
೫. ಇಂಜೆಕ್ಟರಿನ ವಾಷರು ಮತ್ತು ಹೆಡ್ಡಿನ ನಟ್ಟುಗಳು ಸರಿಯಾಗಿವೆಯೇ?
೬. ಹೆಡ್ಡನ್ನು ಇಳಿಸಿ ಸೀಮೆಎಣ್ಣೆಯ ಪರೀಕ್ಷೆ, ಲೈನರಿನ ಎತ್ತರ, ಸೀಸದ ತಂತಿಯ ಅಳತೆ.
೭. ಎಲ್ಲಕ್ಕಿಂತ ಕೊನೆಗೆ ಪಿಸ್ಟನ್ನನ್ನು ಹೊರತೆಗೆದು ರಿಂಗುಗಳ ಪರೀಕ್ಷೆ.

ಮೊದಲ ನಾಲ್ಕು ಪರೀಕ್ಷೆಗಳಿಗೆ ಒಂದು ಫೀಲರ್ ಗೇಜು, ಒಂದು ಸಾಬೂನಿನ ತುಂಡು, ಒಂದು ಚಮಚ ಎಣ್ಣೆ ಮತ್ತು ಇಬ್ಬರು ಆಳುಗಳ ಹೊರತು ಬೇರೇನೂ ಬೇಕಾಗಿಲ್ಲ. ಒಂದು ಮುಂಜಾನೆಯಲ್ಲಿ ಅವು ಮುಗಿಯುವುವು. ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಲಿ. ಇಂಜಿನ್ನು ಹಿಂದಕ್ಕೆ ಒದ್ದರೆ ಕೈ ಬಿಡಿಸಿಕೊಳ್ಳುವುದು ಸುಲಭವಾಗುವುದು. ಇಂಜೆಕ್ಟರಿನ ಮುಂದೆ ಎಂದಿಗೂ ಕೈಯನ್ನು ಒಡ್ಡಕೂಡದು. ಅಲ್ಲಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೊಕ್ಕು ಬೆರಳನ್ನೇ ಕಳೆಯುವಂತೆ ಮಾಡಬಹುದು.

ರೈತನು ತಾನೇ ಮೆಕ್ಯಾನಿಕ್ಕನಾಗಬೇಕೆಂದು ಇದರ ತಾತ್ಪರ್ಯವಲ್ಲ. ಸೋರಿಕೆಯು ಎಲ್ಲಿದೆಯೆಂದು ತಾನು ಕೇಳಿ ನೋಡಿ ತಿಳಿದುಕೊಂಡವನು, ಕರೆಸಿದ ಮೆಕ್ಯಾನಿಕ್ಕನಿಗೆ “ಇಂಜಿನ್ನು ಕೆಟ್ಟಿದೆ” ಎನ್ನುವ ಬದಲು “ಹೊಗೆಕೊಳವೆಯಲ್ಲಿ ಗಾಳಿ ಹೋಗುತ್ತಿದೆ” ಎಂದು ಹೇಳಬಲ್ಲನು. ಆ ಒಂದು ಮಾತಿನಿಂದ ಕೆಲಸವು ಅರ್ಧ ಕಡಿಮೆಯಾಗುವುದು. ಬೇಡದ ಬಿಡಿಭಾಗಗಳ ಹಣವು ಉಳಿಯುವುದು. ಎಲ್ಲಕ್ಕಿಂತ ಮಿಗಿಲಾಗಿ, ಪೈರು ಬಾಡುವುದಕ್ಕೆ ಮುಂಚೆ ಕಾಲುವೆಯಲ್ಲಿ ನೀರು ಹರಿಯುವುದು.